ಎಲ್ಲಿ ನಿಲ್ಲಬೇಕು, ಯಾರು ಮಾತಾಡಬೇಕು: ದಿಲ್‌ಸುಖ್‌ನಗರದ ಒಂದು ನಡಿಗೆ

(ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸದಲ್ಲಿ ಒಬ್ಬ ಕವಿಯನ್ನೋ ಒಂದು ಕೃತಿಯನ್ನೋ ಹಿಡಿದು ಮಾತಾಡುವುದು ವಾಡಿಕೆ. ವಿಷಯ ನಿಮ್ಮಿಷ್ಟದ್ದೇ ಇರಲಿ ಎಂದು ಸಂಘಟಕರು ಹೇಳಿದ್ದರಿಂದ ಈ ಸಲ ಆ ವಾಡಿಕೆಯನ್ನು ಪಕ್ಕಕ್ಕಿಟ್ಟಿದ್ದೇನೆ. ನಾನಿವತ್ತು ಮಾತಾಡುವುದು ನಿಮ್ಮದೇ ಊರಾದ ಹೈದರಾಬಾದಿನ ದಿಲ್‌ಸುಖ್‌ನಗರದ ಬಗ್ಗೆ. ಸೀರೆ ಕೊಳ್ಳಲು, ಮಕ್ಕಳನ್ನು ಕೋಚಿಂಗಿಗೆ ಸೇರಿಸಲು, ಸಾಯಿಬಾಬಾ ಗುಡಿಗೆ ಕೈಮುಗಿಯಲು ನೀವೆಲ್ಲ ಅಲ್ಲಿಗೆ ಹೋಗಿದ್ದೀರಿ. ಅದನ್ನು ನೋಡಬೇಕೆಂದೇ ಹೋದವರು ಕಡಿಮೆ. ಊರಿಂದ ಬಂದ ನೆಂಟರು ಚಾರ್‌ಮಿನಾರ್ ಕೇಳುತ್ತಾರೆ, ಗೋಲ್ಕೊಂಡ ಕೇಳುತ್ತಾರೆ, ಸಾಲಾರ್ ಜಂಗ್ ಮ್ಯೂಸಿಯಂ ಕೇಳುತ್ತಾರೆ. ದಿಲ್‌ಸುಖ್‌ನಗರ ತೋರಿಸಿ ಎಂದು ಕೇಳಿದವರುಂಟೇ?

ಆ ಇಲಾಕೆಯನ್ನು ನಾನು ಕಾಲ್ನಡಿಗೆಯಲ್ಲಿ ನೋಡಿದೆ. ಅಲ್ಲಿಯೇ ಬಹುಕಾಲ ಬಾಳಿದ ಒಬ್ಬ ಹಿರಿಯರು ಮುಂದೆ, ನಾವೊಂದಿಷ್ಟು ಜನ ಹಿಂದೆ. ಆ ಸಂಜೆಯ ತಿರುಗಾಟದಿಂದ ಎರಡು ಪ್ರಶ್ನೆ ನನ್ನ ಜೊತೆ ಬಂದವು. ಗೊತ್ತಿಲ್ಲದ ಊರನ್ನು ತೋರಿಸುವವನು ಎಲ್ಲಿ ನಿಲ್ಲಬೇಕು? ನಿಂತಲ್ಲಿ ಯಾರು ಮಾತಾಡಬೇಕು? ಕೇಳಲು ಸಣ್ಣವು. ಆದರೆ ಒಂದು ಊರಿನಲ್ಲಿ ನೆನಪಿಗೆ ಯೋಗ್ಯವಾದದ್ದು ಯಾವುದು, ಅದನ್ನು ಹೇಳುವ ಅಧಿಕಾರ ಯಾರದು ಎಂಬ ದೊಡ್ಡ ಮಾತುಗಳು ಇವುಗಳ ಹಿಂದೆಯೇ ಇವೆ.

ಊರು ತೋರಿಸುವ ಕಸುಬು

ಊರು ತೋರಿಸುವವರು ನಮಗೆ ಹೊಸಬರಲ್ಲ. ಕಾಶಿಗೆ ಹೋದವರನ್ನು ಪಂಡಾಗಳು ಘಟ್ಟದಿಂದ ಘಟ್ಟಕ್ಕೆ ಕರೆದೊಯ್ದರು. ಹಂಪಿಯ ಗೈಡುಗಳು ವಿಜಯ ವಿಠ್ಠಲನ ಗುಡಿಯ ಕಲ್ಲಿನ ರಥದ ಮುಂದೆ ನಿಂತು ಹೇಳುವ ಕತೆಯನ್ನು ಕೇಳದ ಕನ್ನಡಿಗ ಅಪರೂಪ. ಇವರೆಲ್ಲ ತೋರಿಸುತ್ತಿದ್ದದ್ದು ಕ್ಷೇತ್ರವನ್ನು, ಇಲ್ಲವೇ ಹಾಳು ಬಿದ್ದ ರಾಜಧಾನಿಯನ್ನು. ಜನ ಬದುಕಿ ಬಾಳುತ್ತಿರುವ ಪೇಟೆಯ ಓಣಿಗಳನ್ನು ನಡೆದು ತೋರಿಸುವ ಪದ್ಧತಿ ನಮ್ಮ ದೇಶದಲ್ಲಿ ಈಚಿನದು. ಅಹಮದಾಬಾದಿನ ಮಹಾನಗರಪಾಲಿಕೆ 1997ರ ನವೆಂಬರಿನಲ್ಲಿ ಶುರುಮಾಡಿದ ಪಾರಂಪರಿಕ ನಡಿಗೆಯನ್ನು ಇಲ್ಲಿ ಮೊದಲು ನೆನೆಯಬೇಕು. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು, ಪೋಳ್ ಎಂಬ ಹಳೆಯ ವಸತಿ ಓಣಿಗಳ ಸಂದಿಗೊಂದಿ ಹಾದು, ಜಾಮಾ ಮಸೀದಿಗೆ ಮುಟ್ಟುವ ದಾರಿ ಅದು. ಮುಂದೆ 2017ರಲ್ಲಿ ಆ ಊರಿಗೆ ಯುನೆಸ್ಕೊದ ವಿಶ್ವ ಪಾರಂಪರಿಕ ನಗರದ ಪಟ್ಟ ಬಂತು. ಭಾರತದಲ್ಲಿ ಆ ಪಟ್ಟ ಮೊದಲು ಸಿಕ್ಕಿದ್ದು ಅದಕ್ಕೇ. ಹೈದರಾಬಾದಿನಲ್ಲಿ ಚಾರ್‌ಮಿನಾರ್‌ನಿಂದ ಚೌಮಹಲ್ಲಾ ಅರಮನೆಯವರೆಗೆ ಪ್ರವಾಸೋದ್ಯಮ ಇಲಾಖೆ ನಡಿಗೆ ಏರ್ಪಡಿಸಿತು. ಮೈಸೂರಿನಲ್ಲಿ ದಸರೆ ಬಂದರೆ ಪಾರಂಪರಿಕ ನಡಿಗೆಯೂ ಉಂಟು, ಟಾಂಗಾ ಸವಾರಿಯೂ ಉಂಟು.

ಇವೆಲ್ಲ ಒಳ್ಳೆಯ ಕೆಲಸಗಳು. ಕೆಡವಬೇಕೆಂದಿದ್ದ ಎಷ್ಟೋ ಗೋಡೆಗಳನ್ನು ನೋಡುವವರ ಕಣ್ಣೇ ಉಳಿಸಿದೆ. ಆದರೂ ಒಂದು ಸಂಗತಿ ಗಮನಿಸಿ. ಇಂಥ ನಡಿಗೆಗಳಲ್ಲಿ ಹೆಚ್ಚಿನವು ಭಾನುವಾರ ಬೆಳಗಿನ ಜಾವದವು. ಬಿಸಿಲಿರುವುದಿಲ್ಲ, ವಾಹನಗಳಿರುವುದಿಲ್ಲ, ಅಂಗಡಿಗಳ ಶಟರ್ ಎಳೆದಿರುತ್ತದೆ, ಕಮಾನು ಮುಂಗಟ್ಟುಗಳು ಚೆನ್ನಾಗಿ ಕಾಣುತ್ತವೆ. ಆ ಬೀದಿಯನ್ನೇ ನಂಬಿ ಬದುಕುವವರು ಮಾತ್ರ ಆ ಹೊತ್ತಿನಲ್ಲಿ ಅಲ್ಲಿರುವುದಿಲ್ಲ. ಲಾಡ್ ಬಜಾರಿನಲ್ಲಿ ಬಳೆ ಕಾಯಿಸುವವನು ಇನ್ನೂ ಎದ್ದಿರುವುದಿಲ್ಲ. ಹೀಗಾಗಿ ಮಾತೆಲ್ಲ ಮಾರ್ಗದರ್ಶಿಯದೇ ಆಗುತ್ತದೆ, ಅದೂ ಬಹುಪಾಲು ಇಂಗ್ಲಿಷಿನಲ್ಲಿ.

ಇನ್ನೊಂದು ಜಾತಿಯ ನಡಿಗೆಗಳೂ ಜಗತ್ತಿನಲ್ಲಿವೆ. ಅಮೆರಿಕದಲ್ಲಿ ಹುಟ್ಟಿ ಕೆನಡಾದ ಟೊರಾಂಟೊದಲ್ಲಿ ನೆಲೆಸಿದ ಜೇನ್ ಜೇಕಬ್ಸ್, ನಗರವನ್ನು ನಕ್ಷೆಯ ಮೇಲೆ ನೋಡುವ ಯೋಜಕರಿಗಿಂತ ಕಾಲುದಾರಿಯಲ್ಲಿ ನಿಂತು ನೋಡುವ ಅಂಗಡಿಯವನು ಅದನ್ನು ಚೆನ್ನಾಗಿ ಬಲ್ಲ ಎಂದು ವಾದಿಸಿದ ಲೇಖಕಿ. ಅವರು 2006ರಲ್ಲಿ ತೀರಿಕೊಂಡ ಮರುವರ್ಷ ಗೆಳೆಯರು ಟೊರಾಂಟೊದಲ್ಲಿ ಅವರ ಹೆಸರಿನ ನಡಿಗೆಗಳನ್ನು ಆರಂಭಿಸಿದರು. ಶುಲ್ಕವಿಲ್ಲ. ತೋರಿಸುವವರು ಆಯಾ ಓಣಿಯ ನಿವಾಸಿಗಳೇ. ದಿಲ್ಲಿಯಲ್ಲಿ ಸಲಾಮ್ ಬಾಲಕ್ ಟ್ರಸ್ಟ್‌ನವರು ಪಹಾಡ್‌ಗಂಜ್ ಸುತ್ತ ನಡೆಸುವ ನಡಿಗೆಯಲ್ಲಿ ದಾರಿ ತೋರಿಸುವವರು ಒಂದು ಕಾಲಕ್ಕೆ ಅದೇ ಬೀದಿಗಳಲ್ಲಿ, ಅದೇ ರೈಲು ನಿಲ್ದಾಣದ ಆಸುಪಾಸಿನಲ್ಲಿ ಬೆಳೆದ ಹುಡುಗ ಹುಡುಗಿಯರು. ಅಲ್ಲಿ ನೋಡಲು ಗೋಪುರವಿಲ್ಲ, ಕಮಾನಿಲ್ಲ. ಮಾತಾಡುವವನ ಬಾಳೇ ಅಲ್ಲಿಯ ಸ್ಮಾರಕ.

ನಾನು ಕಂಡ ದಿಲ್‌ಸುಖ್‌ನಗರದ ನಡಿಗೆ ಈ ಎರಡನೆಯ ಜಾತಿಗೆ ಸೇರಿದ್ದು.

ಗುಡ್ಡದ ಮೇಲಿನ ಫ್ರೆಂಚ್ ದಂಡಾಳು

ನಮ್ಮ ಹಿರಿಯರು ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಮೂಸಾರಾಂಬಾಗ್ ಮೆಟ್ರೊ ನಿಲ್ದಾಣದ ಕೆಳಗೆ ಎಲ್ಲರನ್ನೂ ಒಂದುಗೂಡಿಸಿ ಅವರು ಹೇಳಿದ್ದು ಎರಡು ಮಾತು. "ನಾನು ಎಲ್ಲದಕ್ಕೂ ಉತ್ತರ ಹೇಳೋದಿಲ್ಲ, ಬಲ್ಲವರ ಹತ್ತಿರ ಕರ್ಕೊಂಡು ಹೋಗ್ತೀನಿ. ಇನ್ನು, ಒಂದು ಜಾಗದಲ್ಲಿ ನಾನು ನಿಲ್ಲೋದಿಲ್ಲ. ಅಲ್ಲಿ ಫೋಟೊ ತೆಗೀಬೇಡಿ. ಯಾಕೆ ಅಂತ ಮುಂದೆ ಹೋಗಿ ಹೇಳ್ತೀನಿ." ಅವರ ಮಾತು ತೆಲುಗು, ದಖನಿ ಎರಡರ ಬೆರಕೆ. ಕಲಬುರಗಿಯವನಾದ ನನಗೆ ಆ ದಖನಿ ಮನೆಮಾತಿನಷ್ಟೇ ಹತ್ತಿರ.

ಮೊದಲ ನಿಲುಗಡೆ ಆಸ್ಮಾನ್‌ಗಢ ಗುಡ್ಡ. ಪೈಗಾ ಮನೆತನದ ಸರ್ ಆಸ್ಮಾನ್ ಜಾ ಮುಂದೆ ಹೈದರಾಬಾದಿನ ದಿವಾನರಾದವರು. ಅವರು 1885ರಲ್ಲಿ ಕಟ್ಟಿಸಿದ ಕೋಟೆಯಂಥ ಸಣ್ಣ ಅರಮನೆ ಅಲ್ಲಿದೆ. ಅದರ ಸನಿಹದ ದಿಬ್ಬದ ಮೇಲೆ ಕರಿಕಲ್ಲಿನ ಒಂದು ಸ್ತಂಭ. ಏಳು ಮೀಟರಿನಷ್ಟು ಎತ್ತರ, ತುದಿ ಚೂಪು. ಪಕ್ಕದಲ್ಲಿ ಗ್ರೀಕ್ ಗುಡಿಯ ಮಾದರಿಯ ಕಂಬಸಾಲು ಮಂಟಪ. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ನಮ್ಮ ಹಿರಿಯರು ವಿವರಣೆಗೆ ತೊಡಗಲಿಲ್ಲ. ಬೌಂಡರಿ ಕಾಯುತ್ತಿದ್ದ ಹುಡುಗನೊಬ್ಬನನ್ನು ಕರೆದು, "ಬೇಟಾ, ಇಲ್ಲಿ ಯಾರು ಮಲಗಿದ್ದಾರೆ, ಇವರಿಗೆ ಹೇಳು" ಎಂದರು. ಹುಡುಗ ಚೆಂಡಿನ ಮೇಲಿನ ಕಣ್ಣು ತೆಗೆಯದೆ ಹೇಳಿದ: "ಫ್ರಾನ್ಸ್‌ವಾಲಾ ಸಾಬ್. ತೋಪು ಮಾಡ್ತಿದ್ದ. ನಿಜಾಮನ ದೋಸ್ತ್."

ಮೂರು ವಾಕ್ಯದಲ್ಲಿ ಹುಡುಗ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮಿಶೆಲ್ ಜೋಕಿಂ ಮರಿ ರೇಮಂಡ್ 1755ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದವನು. ಎರಡನೆಯ ನಿಜಾಮನ ಸೇವೆಗೆ ಸೇರಿ, ಯುರೋಪಿನ ಕವಾಯತು ಕಲಿಸಿ ದಂಡು ಕಟ್ಟಿದ. ತೋಪು ಎರಕ ಹೊಯ್ಯುವ ಕಾರ್ಖಾನೆ ಇಟ್ಟ. ಆಬಿಡ್ಸ್ ಬಳಿಯ ಗನ್ ಫೌಂಡ್ರಿ ಬಡಾವಣೆಗೆ ಆ ಹೆಸರು ಬಂದದ್ದು ಹಾಗೆ. ಅವನು ತೀರಿಕೊಂಡದ್ದು 1798ರ ಮಾರ್ಚ್ 25ರಂದು. ಹಿಂದೂಗಳು ಅವನನ್ನು ಮೂಸಾರಾಮ್ ಎಂದರು, ಮುಸಲ್ಮಾನರು ಮೂಸಾ ರಹೀಂ ಎಂದರು, ಇಬ್ಬರೂ ಸಮಾಧಿಗೆ ನಡೆದುಕೊಂಡರು. ಆರನೆಯ ನಿಜಾಮ ಮಹಬೂಬ್ ಅಲಿ ಪಾಷಾ ಅವನ ಪುಣ್ಯತಿಥಿಗೆ ಒಂದು ಪೆಟ್ಟಿಗೆ ಚುಟ್ಟಾ, ಒಂದು ಬಾಟಲಿ ಬಿಯರು ಕಳಿಸುತ್ತಿದ್ದ ಎಂಬ ಕತೆ ಇವತ್ತಿಗೂ ಹೈದರಾಬಾದಿನಲ್ಲಿ ಓಡಾಡುತ್ತದೆ. ಮಂಟಪ 2001ರ ಮಳೆಗೆ ಕುಸಿದುಬಿತ್ತು. ಈಗ ನೀವು ನೋಡುವುದು ಮತ್ತೆ ಎತ್ತಿ ಕಟ್ಟಿದ್ದು.

ಕನ್ನಡಿಗರಾದ ನಾವು ಆ ದಿಬ್ಬದ ಮೇಲೆ ಇನ್ನೊಂದು ಲೆಕ್ಕ ಹಾಕಬೇಕು. ರೇಮಂಡ್ ಸತ್ತ ವರ್ಷವೇ, ಸೆಪ್ಟೆಂಬರಿನಲ್ಲಿ, ನಿಜಾಮ ಇಂಗ್ಲಿಷರೊಂದಿಗೆ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದ. ಅಕ್ಟೋಬರಿನಲ್ಲಿ ಫ್ರೆಂಚ್ ದಂಡಿನ ಆಯುಧ ಕಸಿದು ಮನೆಗೆ ಕಳಿಸಲಾಯಿತು. ಮುಂದಿನ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ನಿಜಾಮನ ಸೈನ್ಯ ಇಂಗ್ಲಿಷರ ಪಕ್ಕದಲ್ಲಿತ್ತು. ಟಿಪ್ಪುವಿನ ಕೊನೆಯ ಯುದ್ಧಕ್ಕೂ ಮಲಕಪೇಟೆಯ ಈ ಗುಡ್ಡಕ್ಕೂ ಇರುವ ದೂರ ಒಂದು ವರ್ಷ, ಒಂದು ತಿಂಗಳು, ಒಂಬತ್ತು ದಿನ. ಈ ಮಾತನ್ನು ಅಲ್ಲಿ ಹೇಳಿದವರು ನಮ್ಮ ಹಿರಿಯರಲ್ಲ, ಗುಂಪಿನಲ್ಲಿದ್ದ ಮಂಡ್ಯ ಕಡೆಯ ಒಬ್ಬ ತಾಯಿ. ಹಿರಿಯರು ತಲೆದೂಗಿ ಕೇಳಿದರು. ಮುಂದಿನ ಗುಂಪಿಗೆ ಇದನ್ನೂ ಹೇಳುತ್ತೇನೆ ಎಂದರು.

ಹೆದ್ದಾರಿ, ಹಾಸ್ಟೆಲು, ಪೊಟ್ಟಣ

ಗುಡ್ಡ ಇಳಿದು ಹೆದ್ದಾರಿಗೆ ಬಂದೆವು. ಮೇಲೆ ಮೆಟ್ರೊ, ಕೆಳಗೆ ವಿಜಯವಾಡದ ರಸ್ತೆ. ಅಮೀರ್‌ಪೇಟೆಯಿಂದ ಎಲ್.ಬಿ. ನಗರದ ತನಕ ಮೆಟ್ರೊ ಓಡಲು ಶುರುವಾದದ್ದು 2018ರ ಸೆಪ್ಟೆಂಬರ್ 24ರಂದು. ಕೆಳಗಿನ ರಸ್ತೆಯ ದಿಕ್ಕು ಮಾತ್ರ ಬಹಳ ಹಳೆಯದು. ಗೋಲ್ಕೊಂಡದ ಸುಲ್ತಾನರಿಗೆ ಸಮುದ್ರದ ಬಾಗಿಲು ಮಚಲಿಪಟ್ಟಣ. ವಜ್ರ, ಬಟ್ಟೆ, ವಿದೇಶಿ ವ್ಯಾಪಾರಿಗಳು ಎಲ್ಲ ಓಡಾಡಿದ್ದು ಈ ಪೂರ್ವದಿಕ್ಕಿನ ದಾರಿಯಲ್ಲೇ. ಇನ್ನಷ್ಟು ಮುಂದೆ ಹಯಾತ್‌ನಗರದಲ್ಲಿ ಹಯಾತ್ ಬಕ್ಷಿ ಬೇಗಂ ಹೆಸರಿನ ಮಸೀದಿಯೂ ಪ್ರಯಾಣಿಕರ ಸರಾಯಿಯೂ ಇವೆ. ದಿಲ್‌ಸುಖ್‌ರಾಮ್ ಎಂಬ ಜಾಗೀರುದಾರ ತನ್ನ ಜಮೀನನ್ನು ಪ್ಲಾಟು ಹಾಕಿ ಮಾರಿದ್ದರಿಂದ ದಿಲ್‌ಸುಖ್‌ನಗರ ಹುಟ್ಟಿತೆನ್ನುತ್ತಾರೆ. ಆಮೇಲೆ ಬಂದವು ಪಿ ಆ್ಯಂಡ್ ಟಿ ಕಾಲೊನಿ, ಟೆಲಿಫೋನ್ ಕಾಲೊನಿ, ಡಾಕ್ಟರ್ಸ್ ಕಾಲೊನಿ. ಸಂಬಳದ ಜನ ಸಾಲ ಮಾಡಿ ಮನೆ ಕಟ್ಟಿದ ಬಡಾವಣೆಗಳಿವು. ನಲ್ಗೊಂಡ, ಖಮ್ಮಂ, ಕೃಷ್ಣಾ, ಗುಂಟೂರು ಕಡೆಯಿಂದ ಬಸ್ಸಿನಲ್ಲಿ ಬಂದವರಿಗೆ ಪಟ್ಟಣ ಎದುರಾಗುತ್ತಿದ್ದದ್ದು ಇಲ್ಲಿಯೇ. ಇಳಿದವರಲ್ಲಿ ಅನೇಕರು ಇಲ್ಲಿಯೇ ಉಳಿದರು. ಇಲ್ಲಿ ಮೂಲನಿವಾಸಿ ಯಾರು ಎಂದು ಹುಡುಕುವುದು ವ್ಯರ್ಥ. ಯಾರು ಯಾವಾಗ ಬಸ್ಸಿಳಿದರು ಎಂಬುದಷ್ಟೇ ಇಲ್ಲಿಯ ಚರಿತ್ರೆ.

ಹೆದ್ದಾರಿಯಿಂದ ಒಂದು ಗಲ್ಲಿಗೆ ತಿರುಗಿದರೆ ಹಾಸ್ಟೆಲುಗಳ ಲೋಕ. ವಿದ್ಯುತ್ ಕಂಬ ಕಾಣದ ಹಾಗೆ ಬೋರ್ಡುಗಳು: ಬಾಯ್ಸ್ ಹಾಸ್ಟೆಲ್, ವಿಮೆನ್ಸ್ ಹಾಸ್ಟೆಲ್, ಎಸ್ಸೈ ಕೋಚಿಂಗ್, ಡಿಎಸ್‌ಸಿ ಕೋಚಿಂಗ್, ಬ್ಯಾಂಕ್ ಕೋಚಿಂಗ್. ಇಲ್ಲಿ ನಮ್ಮನ್ನು ನಿಲ್ಲಿಸಿದ್ದು ಒಂದು ಕರ್ರಿ ಪಾಯಿಂಟಿನ ಮುಂದೆ. ಕರ್ನಾಟಕದಿಂದ ಹೊಸದಾಗಿ ಬಂದವರಿಗಾಗಿ ಹೇಳುತ್ತೇನೆ: ಇಲ್ಲಿ ಕೂತು ಉಣ್ಣುವಂತಿಲ್ಲ. ಪಲ್ಯ, ಪಪ್ಪು (ಬೇಳೆ), ಸಾರು ಮಾತ್ರ ಮಾರುವ ಅಂಗಡಿ. ರೂಮಿನಲ್ಲಿ ಕುಕ್ಕರಿಟ್ಟು ಅನ್ನ ಮಾಡಿಕೊಳ್ಳುವ ಹುಡುಗರು, ಕೆಲಸದಿಂದ ತಡವಾಗಿ ಬರುವ ಸಂಸಾರಸ್ಥರು ಸಂಜೆ ಇಲ್ಲಿ ಸಾಲುಗಟ್ಟುತ್ತಾರೆ.

ಅಂಗಡಿಯ ತಾಯಿ ಕೈ ನಿಲ್ಲಿಸಲಿಲ್ಲ. ಎಡಗೈಯ ಎರಡು ಬೆರಳಿನಿಂದ ಪ್ಲಾಸ್ಟಿಕ್ ಕವರಿನ ಬಾಯಿ ಬಿಡಿಸುವುದು, ಬಲಗೈ ಸೌಟಿನಲ್ಲಿ ಪಪ್ಪು ಸುರಿಯುವುದು, ಸೌಟು ಪಾತ್ರೆಗೆ ಮರಳುವುದರೊಳಗೆ ಕವರು ಒಂದು ಸುತ್ತು ತಿರುಗಿ ಒಳಗೆ ಗಾಳಿ ನಿಂತು ಉಬ್ಬುವುದು, ಕುತ್ತಿಗೆಗೆ ರಬ್ಬರ್ ಬ್ಯಾಂಡು ಬೀಳುವುದು. ಗಾಳಿ ಯಾಕೆ ಎಂದು ನಮ್ಮಲ್ಲೊಬ್ಬರು ಕೇಳಿದರು. "ಬ್ಯಾಗಿನಲ್ಲಿ ಪುಸ್ತಕದ ಕೆಳಗೆ ಸಿಕ್ಕರೂ ಒಡೆಯಬಾರದಲ್ಲ" ಎಂದರು ಆಕೆ. ಹಿರಿಯರು, "ಅಮ್ಮಾ, ಸರಕಾರಿ ನೌಕರಿಯ ಸುದ್ದಿ ನಿಮಗೆ ಮೊದಲು ಹೇಗೆ ಗೊತ್ತಾಗುತ್ತದೆ, ಇವರಿಗೆ ಹೇಳಿ" ಎಂದು ಸುಮ್ಮನಾದರು. ಆಕೆ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ: "ನೋಟಿಫಿಕೇಷನ್ ಬಿತ್ತು ಅಂದ್ರೆ ಪಪ್ಪು ಸಾಲೋದಿಲ್ಲ. ಪರೀಕ್ಷೆ ರದ್ದಾಯ್ತು ಅಂದ್ರೆ ಮಕ್ಕಳು ಒಂದು ಕವರು ತಗೊಂಡು ಮೂರು ಜನ ತಿಂತಾರೆ. ಆಗ ನಾನು ಒಂದು ಸೌಟು ಜಾಸ್ತಿ ಹಾಕ್ತೀನಿ. ರಿಜಲ್ಟ್ ಬಂದ ಮೇಲೆ ಕೆಲವರು ಸ್ವೀಟು ತರ್ತಾರೆ. ಕೆಲವರು ಹೇಳದೆ ಊರಿಗೆ ಹೋಗ್ತಾರೆ."

ತೆಲಂಗಾಣದ ಗ್ರೂಪ್-1 ಪ್ರಾಥಮಿಕ ಪರೀಕ್ಷೆ ಪ್ರಶ್ನೆಪತ್ರಿಕೆ ಸೋರಿಕೆಯಾಗಿ 2023ರ ಮಾರ್ಚಿನಲ್ಲಿ ರದ್ದಾದದ್ದು, ಮತ್ತೆ ನಡೆದದ್ದೂ ಅದೇ ವರ್ಷ ಹೈಕೋರ್ಟಿನಲ್ಲಿ ಬಿದ್ದುಹೋದದ್ದು ನಿಮಗೆ ನೆನಪಿರಬಹುದು. ಮರುವರ್ಷ 11,062 ಶಿಕ್ಷಕ ಹುದ್ದೆಗಳ ಡಿಎಸ್‌ಸಿ ಪರೀಕ್ಷೆಯನ್ನು ಮುಂದೂಡಿ ಎಂದು ಇದೇ ದಿಲ್‌ಸುಖ್‌ನಗರದ ರಸ್ತೆಗೆ ಅಭ್ಯರ್ಥಿಗಳು ಇಳಿದರು. ಪತ್ರಿಕೆಯಲ್ಲಿ ಇವು ಸುದ್ದಿ. ಕರ್ರಿ ಪಾಯಿಂಟಿನಲ್ಲಿ ಇವೇ ಸೌಟಿನ ಲೆಕ್ಕ. ಒಂದು ರಾಜ್ಯದ ನಿರುದ್ಯೋಗವನ್ನು ಅಷ್ಟು ಹತ್ತಿರದಿಂದ ಅಳೆದು ಹೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಮಾರ್ಗದರ್ಶಿ ತಾವೇ ಅದನ್ನು ಹೇಳಿದ್ದರೆ ಅದೊಂದು ಸ್ವಾರಸ್ಯದ ಮಾತಾಗಿ ಮುಗಿಯುತ್ತಿತ್ತು. ಸೌಟು ಹಿಡಿದವರ ಬಾಯಿಂದ ಬಂದಾಗ ಅದು ಸಾಕ್ಷಿಯಾಯಿತು.

ನಿಲ್ಲದೆ ದಾಟಿದ ಜಾಗ

ಅಲ್ಲಿಂದ ಮತ್ತೆ ಹೆದ್ದಾರಿಗೆ ಬಂದು ಬಸ್ ಸ್ಟಾಪುಗಳ ಸಾಲನ್ನು, ಟಿಫಿನ್ ಸೆಂಟರುಗಳನ್ನು, ಮಿರ್ಚಿ ಬಜ್ಜಿಯ ಬಾಣಲೆಗಳನ್ನು ಹಾದು ಹೋದೆವು. ಹಿರಿಯರು ನಡಿಗೆ ಚುರುಕು ಮಾಡಿದರು. ಯಾರೂ ಕ್ಯಾಮೆರಾ ತೆಗೆಯಲಿಲ್ಲ. ಸಾಕಷ್ಟು ಮುಂದೆ, ಒಂದು ಅಡ್ಡರಸ್ತೆಯ ಬೇವಿನ ಮರದಡಿ ನಿಲ್ಲಿಸಿ, ದನಿ ಏರಿಸದೆ ಹೇಳಿದರು. 2013ರ ಫೆಬ್ರವರಿ 21, ಗುರುವಾರ, ಸಂಜೆ ಏಳರ ಹೊತ್ತು. ಸೈಕಲ್ಲಿಗೆ ಕಟ್ಟಿದ ಎರಡು ಬಾಂಬು. 18 ಜೀವ ಹೋದವು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಅದಕ್ಕೂ ಮೊದಲು, 2002ರ ನವೆಂಬರ್ 21ರಂದು, ಸಾಯಿಬಾಬಾ ಗುಡಿಯ ಹತ್ತಿರ ಒಂದು ಸ್ಫೋಟ. 2007ರ ಆಗಸ್ಟ್ 25ರಂದು ಲುಂಬಿನಿ ಪಾರ್ಕು ಮತ್ತು ಗೋಕುಲ್ ಚಾಟ್‌ನಲ್ಲಿ ಬಾಂಬು ಸಿಡಿದ ದಿನ ದಿಲ್‌ಸುಖ್‌ನಗರದಲ್ಲೂ ಒಂದು ಇಟ್ಟಿದ್ದರು, ಅದು ಸಿಡಿಯಲಿಲ್ಲ. 2013ರ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಐವರಿಗೆ ಮರಣದಂಡನೆ ವಿಧಿಸಿತು. 2025ರ ಏಪ್ರಿಲಿನಲ್ಲಿ ತೆಲಂಗಾಣ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಆಮೇಲೆ ಕಾರಣ ಹೇಳಿದರು: "ವರ್ಷಕ್ಕೊಮ್ಮೆ ಟಿವಿಯವರು ಬಂದು ಅಂಗಡಿಯವರ ಮುಂದೆ ಮೈಕು ಹಿಡೀತಾರೆ. ಅವರು ಆ ಜಾಗದಲ್ಲೇ ದಿನವೂ ವ್ಯಾಪಾರ ಮಾಡಬೇಕು. ಗಿರಾಕಿಗಳ ಎದುರು ನಾವು ಬೆರಳು ಮಾಡಿ ತೋರಿಸೋದು ಸರಿಯಲ್ಲ."

ಇದರ ಬಗ್ಗೆ ನಮ್ಮ ಗುಂಪಿನಲ್ಲೇ ಭಿನ್ನಾಭಿಪ್ರಾಯ ಬಂತು. ಸತ್ತವರನ್ನು ನೆನೆಯಲು ನಿಂತು ತಲೆಬಾಗುವುದು ಗೌರವವಲ್ಲವೇ ಎಂದು ಒಬ್ಬ ತರುಣ ಕೇಳಿದ. ಅವನ ಪ್ರಶ್ನೆ ತೂಕದ್ದೇ. ಪ್ರಪಂಚದಲ್ಲಿ ಅನೇಕ ಊರುಗಳು ಇಂಥ ಜಾಗಗಳಲ್ಲಿ ಸ್ಮಾರಕ ಕಟ್ಟಿವೆ, ಜನ ನಿಂತು ನೋಡಲೆಂದೇ ಕಟ್ಟಿವೆ. ಆದರೂ ನಾನು ಹಿರಿಯರ ಪಕ್ಷ. ಸ್ಮಾರಕದ ಮುಂದೆ ನಿಲ್ಲುವವನು ಸತ್ತವರ ಎದುರು ನಿಲ್ಲುತ್ತಾನೆ. ಬಸ್ ಸ್ಟಾಪಿನಲ್ಲಿ ನಿಲ್ಲುವವನು ಬದುಕಿರುವವರ ಎದುರು ನಿಲ್ಲುತ್ತಾನೆ. ಅಲ್ಲಿ ಬಜ್ಜಿ ಕರಿಯುವವನ ಒಪ್ಪಿಗೆ ಕೇಳದೆ ಅವನ ಅಂಗಡಿಯನ್ನು ನೋಟದ ವಸ್ತು ಮಾಡುವ ಹಕ್ಕು ನಮಗಿಲ್ಲ. ಹಿರಿಯರು ವಿಷಯವನ್ನು ಮುಚ್ಚಿಡಲಿಲ್ಲ ಎಂಬುದನ್ನು ಗಮನಿಸಬೇಕು. ತಾರೀಖು, ತೀರ್ಪು ಎಲ್ಲ ಹೇಳಿದರು. ಹೇಳುವ ಜಾಗವನ್ನು ಮಾತ್ರ ಬದಲಿಸಿದರು. ನೆನಪಿಗೂ ನೋಟಕ್ಕೂ ನಡುವಿನ ಈ ಅಂತರ ಕಾಯುವುದು ಮಾರ್ಗದರ್ಶಿಯ ಕೆಲಸದಲ್ಲಿ ಅತ್ಯಂತ ಕಷ್ಟದ್ದು.

ಇಲ್ಲವಾದ ಮಾರುಕಟ್ಟೆ, ಇರುವ ಕೆರೆ

ಕೊತ್ತಪೇಟೆಯ ಗಡ್ಡಿಅಣ್ಣಾರಂ ಹಣ್ಣಿನ ಮಾರುಕಟ್ಟೆಯಿದ್ದ ಕಡೆ ಬಂದಾಗ ನೋಡಲು ಮಾರುಕಟ್ಟೆ ಇರಲಿಲ್ಲ. ಮಾವಿನ ಕಾಲದಲ್ಲಿ ಲಾರಿಗಳ ಸಾಲು ಹೆದ್ದಾರಿಯನ್ನೇ ಕಟ್ಟಿಹಾಕುತ್ತಿತ್ತು ಎಂದು ನೀವೂ ಬಲ್ಲಿರಿ. 2021ರಲ್ಲಿ ಮಾರುಕಟ್ಟೆಯನ್ನು ಊರ ಹೊರಗೆ ಬಾಟಸಿಂಗಾರಂಗೆ ಸಾಗಿಸಿ, ಆ ಜಾಗವನ್ನು ಸರಕಾರಿ ಆಸ್ಪತ್ರೆಗೆ ಕೊಟ್ಟರು. ಆಸ್ಪತ್ರೆ ಬೇಕೇಬೇಕು, ಅದಕ್ಕೆ ತಕರಾರಿಲ್ಲ. ಆದರೆ ಹಮಾಲರು, ಬುಟ್ಟಿ ಹೆಣೆಯುವವರು, ಉಳಿದ ಹಣ್ಣನ್ನು ಸಂಜೆ ಬಂಡಿಯಲ್ಲಿ ಮಾರುವವರು ಒಟ್ಟಾಗಿ ಎದ್ದು ಹೋಗಲಾರರು. ನಮಗೆ ಅಲ್ಲಿ ಮಾತಾಡಿದವನು ಬಂಡಿಯ ಮೇಲೆ ಬತ್ತಾಯಿ, ಅಂದರೆ ಮೋಸಂಬಿ, ಇಟ್ಟುಕೊಂಡ ಒಬ್ಬ ವ್ಯಾಪಾರಿ. ಮೊದಲು ರಸ್ತೆ ದಾಟಿದರೆ ಸಿಗುತ್ತಿದ್ದ ಮಾಲಿಗೆ ಈಗ ಆಟೊ ಬಾಡಿಗೆ ಎಷ್ಟು ಕೂಡಿತು ಎಂಬ ಲೆಕ್ಕವನ್ನು ಅವನು ಬೆರಳು ಮಡಚಿ ಒಪ್ಪಿಸಿದ.

ಕೊನೆಯ ನಿಲುಗಡೆ ಸರೂರ್‌ನಗರ ಕೆರೆ. ಕುತುಬ್‌ಶಾಹಿ ಕಾಲದಲ್ಲಿ, 1626ರಲ್ಲಿ, ಹೊಲಗದ್ದೆಗೆ ನೀರುಣಿಸಲು ಏರಿ ಹಾಕಿದ ಕೆರೆ ಇದು. ಹೊಲಗದ್ದೆ ಈಗಿಲ್ಲ. 2020ರ ಅಕ್ಟೋಬರಿನ ಮಹಾಮಳೆಗೆ ಕೆರೆ ತುಂಬಿ, ಕೆಳಗಿನ ಕಾಲೊನಿಗಳಿಗೆ ನೀರು ನುಗ್ಗಿ, ಬೀದಿಗಳಲ್ಲಿ ದೋಣಿ ಓಡಿದವು. ಒಂದು ಮನೆಯ ಮುಂದೆ ನಿಂತೆವು. ಮನೆಯೊಡತಿ ಗೇಟು ತೆಗೆದು ಹೊರಬಂದು, ಕಾಂಪೌಂಡು ಗೋಡೆಯ ಒಳಮೈ ತೋರಿಸಿದರು. ಸುಣ್ಣ ಬಳಿದರೂ ಮತ್ತೆ ಮತ್ತೆ ಮೂಡುವ ಒಂದು ಕಂದು ಗೆರೆ ನನ್ನ ಎದೆಮಟ್ಟಕ್ಕಿತ್ತು. "ಬಾಡಿಗೆಗೆ ಕೇಳಿಕೊಂಡು ಬಂದವರು ಮೊದಲು ಇದನ್ನೇ ನೋಡ್ತಾರೆ" ಎಂದರು.

ಹೈದರಾಬಾದಿನ ನೆರೆಯ ಮಾತು ಬಂದರೆ ಕನ್ನಡಿಗರಿಗೆ ಒಂದು ಹೆಸರು ನೆನಪಾಗಲೇಬೇಕು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತರು. ಅಂದಾಜು 15,000 ಎನ್ನುತ್ತಾರೆ. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರ ಹತ್ತಿ ನೂರೈವತ್ತು ಜನ ಬದುಕಿದರು. ಮರುವರ್ಷ ನಿಜಾಮ್ ಸರಕಾರ ಕರೆಸಿದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮೇಲ್ಗಡೆ ಎರಡು ಜಲಾಶಯ ಕಟ್ಟಿ ನೆರೆಯನ್ನು ತಡೆಹಿಡಿಯಿರಿ ಎಂದು ಅವರು ಯೋಜನೆ ಕೊಟ್ಟರು. ಆ ವರ್ಷವೇ ಮೈಸೂರಿನ ಚೀಫ್ ಇಂಜಿನಿಯರಾಗಿ ಹೊರಟುಹೋದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಆದರೆ ಅವು ಕಾಯುವುದು ಮೂಸಿಯ ನೀರಿನಿಂದ. ಕೆರೆಯಿಂದ ಕೆರೆಗೆ ಹರಿಯುವ ನಾಲೆಯ ಮೇಲೆ ಮನೆ ಎದ್ದರೆ ಯಾವ ಜಲಾಶಯವೂ ಕಾಯಲಾರದು. ವಿಶ್ವೇಶ್ವರಯ್ಯನವರ ಪ್ರತಿಮೆಗೆ ಹಾರ ಹಾಕುವ ನಾವು ಸರೂರ್‌ನಗರದ ಆ ಕಂದು ಗೆರೆಯನ್ನೂ ನೋಡಬೇಕಾದದ್ದು ಇದಕ್ಕೇ. ಅವರ ಕೆಲಸ ಎಲ್ಲಿಗೆ ನಿಂತಿತು, ನಮ್ಮ ಅಜಾಗರೂಕತೆ ಎಲ್ಲಿಂದ ಶುರುವಾಯಿತು ಎಂದು ಅದು ತೋರಿಸುತ್ತದೆ.

ಮಾತು ಬಿಟ್ಟುಕೊಡುವ ವಿದ್ಯೆ

ಈಗ ಮೊದಲಿನ ಪ್ರಶ್ನೆಗಳಿಗೆ ಬರೋಣ. ಆ ಸಂಜೆ ನಮ್ಮೊಡನೆ ಮಾತಾಡಿದವರನ್ನು ಎಣಿಸಿ: ಕ್ರಿಕೆಟ್ ಆಡುವ ಹುಡುಗ, ಮಂಡ್ಯ ಕಡೆಯ ತಾಯಿ, ಕರ್ರಿ ಪಾಯಿಂಟಿನಾಕೆ, ಬತ್ತಾಯಿ ಮಾರುವವನು, ಕೆರೆ ಕೆಳಗಿನ ಮನೆಯೊಡತಿ. ಮಾರ್ಗದರ್ಶಿ ತಾವೇ ದೀರ್ಘವಾಗಿ ಮಾತಾಡಿದ್ದು ಒಂದೇ ಕಡೆ, ಬೇವಿನ ಮರದಡಿ. ಬೇರೆಯವರಿಂದ ಹೇಳಿಸಬಾರದ ಮಾತದು. ನನ್ನ ಮಟ್ಟಿಗೆ ಇದೇ ಈ ಕಸುಬಿನ ಸಾರ. ಎಲ್ಲಿ ನಿಲ್ಲಬೇಕೆಂದು ಬಲ್ಲವನು, ನಿಂತಲ್ಲಿ ಮಾತನ್ನು ಅಲ್ಲಿಯವರಿಗೆ ಬಿಟ್ಟುಕೊಡಬಲ್ಲವನು, ಬಿಟ್ಟುಕೊಟ್ಟರೆ ನೋವಾಗುವ ಕಡೆ ತಾನೇ ಹೊರೆ ಹೊರಬಲ್ಲವನು ಒಳ್ಳೆಯ ಮಾರ್ಗದರ್ಶಿ.

ಇದಕ್ಕೆ ಆಕ್ಷೇಪಗಳಿವೆ. ಅಲ್ಲಿಯವರ ಮಾತಿನಲ್ಲಿ ತಪ್ಪಿರಬಹುದು, ಕಟ್ಟುಕತೆ ನುಸುಳಬಹುದು. ಬಿಯರ್ ಬಾಟಲಿಯ ಕತೆಯಂಥವು ಯಾವ ದಫ್ತರಿನಲ್ಲಿವೆ ಎಂದು ಇತಿಹಾಸಕಾರರು ಕೇಳುತ್ತಾರೆ. ಕೇಳಬೇಕು. ಹಾಗೆಂದು ಇತಿಹಾಸಕಾರರನ್ನು ನಡಿಗೆಯಿಂದ ಹೊರಗಿಡಬೇಕಿಲ್ಲ. ಅವರು ಸಾಲಿನ ಹಿಂದೆ ನಡೆಯಲಿ, ತಾರೀಖು ತಪ್ಪಿದಾಗ ತಿದ್ದಲಿ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯದು: ದುಡಿಯುವವರ ಹೊತ್ತು ಕದ್ದು ನಾವು ಕತೆ ಕೇಳುತ್ತೇವೆ. ಅದಕ್ಕೆ ನಮ್ಮ ಹಿರಿಯರ ಉಪಾಯ ಸರಳ. ಕರ್ರಿ ಪಾಯಿಂಟಿನಲ್ಲಿ ನಾವೆಲ್ಲ ಸಾಲಿನಲ್ಲಿ ನಿಂತು ಪಪ್ಪು ಕೊಂಡೆವು, ಬಂಡಿಯಲ್ಲಿ ಬತ್ತಾಯಿ ಕೊಂಡೆವು. ಗಿರಾಕಿಯಾಗಿ ನಿಂತವನಿಗೆ ಮಾತು ಕೇಳುವ ಹಕ್ಕು ತಾನಾಗಿಯೇ ಬರುತ್ತದೆ.

ಇನ್ನು ನಮ್ಮ ಮಾತು. ಕಲಬುರಗಿ, ಬೀದರ, ರಾಯಚೂರಿನ ಜನಕ್ಕೆ ಹೈದರಾಬಾದು ಪರಸ್ಥಳವಾದದ್ದು 1956ರ ನವೆಂಬರ್ 1ರಿಂದ ಈಚೆಗೆ. ಅದಕ್ಕೆ ಮೊದಲು ಅದು ನಮ್ಮ ರಾಜಧಾನಿ. ಮೊಕದ್ದಮೆಗೆ, ಕಾಲೇಜಿಗೆ, ನೌಕರಿಗೆ, ಆಸ್ಪತ್ರೆಗೆ ನಮ್ಮ ಹಿರಿಯರು ಇಲ್ಲಿಗೇ ಬಂದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲಿ ಓದಿ, ಕೋಣೆಗೆ ಬಂದು ಕನ್ನಡದಲ್ಲಿ ಕಾಗದ ಬರೆದರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕಟ್ಟಿ ನಿಲ್ಲಿಸಿದವರು ಇಲ್ಲಿಯ ಕನ್ನಡಿಗರು. ಅವರು ಯಾವ ಓಣಿಯಲ್ಲಿ ಕೋಣೆ ಹಿಡಿದರು, ಯಾವ ಖಾನಾವಳಿಯಲ್ಲಿ ಉಂಡರು, ಚಾದರ್‌ಘಾಟ್ ಸೇತುವೆ ದಾಟಿ ಮಲಕಪೇಟೆಗೆ ಯಾರ ಮನೆಗೆ ಹೋಗುತ್ತಿದ್ದರು, ಊರಿಂದ ರೊಟ್ಟಿ ಗಂಟು ತಂದವರು ಯಾವ ಧರ್ಮಶಾಲೆಯಲ್ಲಿ ಇಳಿದರು ಎಂಬುದನ್ನು ಬಲ್ಲವರು ಇದೇ ಸಭೆಯ ಮುಂದಿನ ಸಾಲಿನಲ್ಲಿದ್ದಾರೆ.

ಹಾಗಾಗಿ ನನ್ನದೊಂದು ಸೂಚನೆ. ಕಾಚಿಗುಡದಿಂದ ಚಾದರ್‌ಘಾಟ್ ಮೂಲಕ ಮಲಕಪೇಟೆಯ ತನಕ ಒಂದು ಕನ್ನಡ ನಡಿಗೆ ರೂಪಿಸೋಣ. ಅದು ಕೆಲಸದ ದಿನದ ಸಂಜೆ ನಡೆಯಲಿ, ಅಂಗಡಿಗಳು ತೆರೆದಿರಲಿ. ಕನ್ನಡದಲ್ಲಿ ನಡೆಯಲಿ, ದಾರಿಯಲ್ಲಿ ಸಿಕ್ಕವರ ಜೊತೆ ತೆಲುಗು, ಉರ್ದುವಿನಲ್ಲಿ ಮಾತಾಡಲಿ. ಎಲ್ಲಿ ನಿಲ್ಲಬಾರದು ಎಂಬ ಪಟ್ಟಿಯನ್ನು ಎಲ್ಲಿ ನಿಲ್ಲಬೇಕು ಎಂಬ ಪಟ್ಟಿಗಿಂತ ಮೊದಲು ಮಾಡೋಣ. ದಾರಿ ಬಲ್ಲ ಹಿರಿಯರಿಗೆ ಈಗ ಎಂಬತ್ತು ದಾಟಿದೆ, ಅಷ್ಟು ದೂರ ಅವರು ನಡೆಯಲಾರರು ಎಂದು ನೀವು ಹೇಳಬಹುದು. ಅವರು ನಡೆಯಬೇಕಿಲ್ಲ. ಒಂದೊಂದು ನಿಲುಗಡೆಗೆ ಒಂದೊಂದು ಕುರ್ಚಿ ಹಾಕಿ, ಬಲ್ಲವರೊಬ್ಬರನ್ನು ಅಲ್ಲಿ ಕೂರಿಸಿ. ನಡೆದು ಹೋಗಿ ಕೇಳುವ ಕೆಲಸ ನಮ್ಮದು. ಈ ದತ್ತಿಯ ಮುಂದಿನ ವರ್ಷದ ಬಡ್ಡಿಯಿಂದ ಆ ಕುರ್ಚಿಗಳ ಬಾಡಿಗೆ ಕೊಟ್ಟು, ಕೇಳಿದ್ದನ್ನು ಬರೆದುಕೊಳ್ಳಲು ನಾಲ್ಕು ಜನ ಹುಡುಗರನ್ನು ನೇಮಿಸಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.